ಹೆದ್ದಾರಿಯ ಊರುಗಳಲ್ಲಿ ಜಪಾನಿ ಕಾರಿನ ಮೈ

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದಾಗ ಅದರ ಬಿಡಿಭಾಗಗಳಲ್ಲಿ ಹೆಚ್ಚಿನವು ಜಪಾನಿನಿಂದಲೇ ಬರುತ್ತಿದ್ದವು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ದಪ್ಪ ತಗಡಿಗೆ ಒಗ್ಗಿದ್ದ ಟಿಂಕರಿಂಗ್, ಅಂದರೆ ನೆಗ್ಗಿದ ತಗಡನ್ನು ಬಡಿದು, ಬೆಸುಗೆ ಹಾಕಿ, ಪುಟ್ಟಿ ಮೆತ್ತಿ ಮೊದಲಿನ ಆಕಾರಕ್ಕೆ ತರುವ ಕೆಲಸ, ಈ ತೆಳು ಮೈಗೆ ಅಷ್ಟಾಗಿ ಹೊಂದದ ಕಾರಣ, ಬಾನೆಟ್ಟನ್ನೋ ಮುಂಚಕ್ರದ ಮೇಲಿನ ಹೊದಿಕೆಯಾದ ಫೆಂಡರನ್ನೋ ಇಡಿಯಾಗಿ ಬದಲಿಸುವ ರೂಢಿ ಕ್ರಮೇಣ ಬಲಿಯಿತು.

ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ಚಿತ್ರದುರ್ಗ, ಹಿರಿಯೂರುಗಳಿಗೂ ಅದರಿಂದ ಒಳಗಿರುವ ಹೊಸದುರ್ಗ, ಹೊಳಲ್ಕೆರೆಗಳಿಗೂ ಇಂಥ ಭಾಗಗಳ ದೊಡ್ಡ ಪೇಟೆಯೆಂದರೆ ಬೆಂಗಳೂರಿನ ಜೆ.ಸಿ. ರಸ್ತೆಯೇ. 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆ ಹುಟ್ಟಿ, ಬಿಡದಿಯ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್ ಹೊರಬಂದ ಮೇಲೆ, ಜಪಾನಿ ಹೆಸರಿನ ವಾಹನವೊಂದು ಕರ್ನಾಟಕದಲ್ಲೇ ತಯಾರಾಗತೊಡಗಿತು.

ಆದರೆ ಪೂರ್ಣ ಜೋಡಣೆಗೊಂಡೇ ಹಡಗಿನಲ್ಲಿ ಬಂದಿಳಿದ ಪ್ರಾಡೊದಂಥ ಕಾರುಗಳ ಪಾಡು ಬೇರೆ: ಒಂದೇ ಮಾದರಿಯ ಮೈ ದೇಶದಿಂದ ದೇಶಕ್ಕೆ ವ್ಯತ್ಯಾಸವಾಗಬಹುದಾದ್ದರಿಂದ, ಪ್ರತಿ ವಾಹನಕ್ಕೂ ಪ್ರತ್ಯೇಕವಾಗಿ ಕೊರೆದಿರುವ ಗುರುತಿನ ಅಂಕಿಯಾದ ಚಾಸಿಸ್ ಸಂಖ್ಯೆಯನ್ನು ಕೊಟ್ಟೇ ಭಾಗವನ್ನು ತರಿಸಬೇಕು. ವಿಮಾನದ ಸಾಗಣೆಯಲ್ಲಿ ತೂಕ ಕಡಿಮೆಯಿದ್ದರೂ ಜಾಗ ಹೆಚ್ಚು ಹಿಡಿಯುವ ಸರಕಿಗೆ ಗಾತ್ರದ ಲೆಕ್ಕದಲ್ಲೇ ದರ ಬೀಳುವುದರಿಂದ, ಹಗುರವಾದ ಪ್ಲಾಸ್ಟಿಕ್ ಬಂಪರಿಗೂ ಬಾಡಿಗೆ ವಿಪರೀತ. ಹಳೆಯ ಟಿಂಕರಿಂಗ್ ಇನ್ನೂ ಉಳಿದಿರುವುದಕ್ಕೆ ಕುಶಲತೆಯಷ್ಟೇ ಈ ಲೆಕ್ಕವೂ ಕಾರಣ.