ತಾನು, ತಾವು, ತಂತಮ್ಮ

ಬೈಲಹೊಂಗಲದ ಕಡೆಯವರನ್ನು ‘ಬಸಪ್ಪ ಏನಂದ?’ ಎಂದು ಕೇಳಿ ನೋಡಿ. ‘ತಾ ಬರ್ತೀನಂದ’ ಎನ್ನುತ್ತಾರೆ. ಇದರಲ್ಲಿ ‘ತಾ’ ಬಸಪ್ಪನನ್ನು ಹೊರಗಿನಿಂದ ತೋರಿಸುತ್ತದೆ, ‘ಬರ್ತೀನಿ’ಯಲ್ಲಿ ಬಸಪ್ಪನೇ ಮಾತಾಡುತ್ತಾನೆ. ಕರ್ತೃ ಪ್ರಥಮ ಪುರುಷ, ಕ್ರಿಯಾಪದ ಉತ್ತಮ ಪುರುಷ. ಕನ್ನಡ ಮಾಸ್ತರರು ಕೆಂಪು ಗೆರೆ ಎಳೆಯಬೇಕಾದ ವಾಕ್ಯವೇ ಸರಿ. ಆದರೂ ಯಾರೂ ಎಳೆಯುವುದಿಲ್ಲ. ‘ಅವ ಬರ್ತಾನಂದ’ ಎಂದಿದ್ದರೆ ಬರುವವ ಬಸಪ್ಪನೋ ಅವನ ತಮ್ಮನೋ ಎಂದು ಮತ್ತೆ ಕೇಳಬೇಕಾಗುತ್ತಿತ್ತು. ‘ತಾ’ ಆ ತಕರಾರಿಗೆ ಜಾಗವನ್ನೇ ಬಿಡುವುದಿಲ್ಲ.

ತಾನು ಎಂಬುದಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ಅವನೂ ತಾನು, ಅವಳೂ ತಾನು. ತಾನಾಗಿ ಬಿದ್ದ ಗ್ವಾಡಿಯೂ ತಾನು. ಸ್ವಂತ ಮನೆಯಿಲ್ಲದ ಪದ ಇದು, ವಾಕ್ಯದಲ್ಲಿ ಕರ್ತೃ ಯಾರೋ ಅವರ ಮನೆಯಲ್ಲಿ ಬಿಡಾರ ಹೂಡುತ್ತದೆ. ಸ್ವಾರ್ಥಕ್ಕೂ ನಮಗೆ ಇದೇ ಬೇಕು. ತಾನಾಯಿತು ತನ್ನ ಪಾಡಾಯಿತು ಎಂದರೆ ಅರ್ಧ ಹೊಗಳಿಕೆ, ಅರ್ಧ ಬೈಗುಳ. ತಾ ಕಳ್ಳ, ಪರರ ನಂಬ ಎಂದರೆ ಪೂರ್ತಿ ಬೈಗುಳ.

ಈ ಪದವನ್ನು ಇಕ್ಕಟ್ಟಿಗೆ ಸಿಕ್ಕಿಸಲೆಂದೇ ಹುಟ್ಟಿದಂಥ ಒಂದು ಕಲ್ಪನೆಯಿದೆ. ಇಂಗ್ಲೆಂಡಿನ ತತ್ವಜ್ಞಾನಿ ಡೆರೆಕ್ ಪಾರ್ಫಿಟ್ 1984ರಲ್ಲಿ ಪ್ರಕಟಿಸಿದ ‘ರೀಸನ್ಸ್ ಅಂಡ್ ಪರ್ಸನ್ಸ್’ ಪುಸ್ತಕದಲ್ಲಿ ಒಂದು ಯಂತ್ರ ಬರುತ್ತದೆ. ನೀವು ಒಳಗೆ ಹೋಗಿ ಗುಂಡಿ ಒತ್ತುತ್ತೀರಿ. ಅದು ನಿಮ್ಮ ಮೈಯ ಕಣಕಣವನ್ನೂ ಓದಿಕೊಂಡು ನಿಮ್ಮನ್ನು ಅಳಿಸಿಹಾಕುತ್ತದೆ. ಮಂಗಳ ಗ್ರಹದಲ್ಲಿ ಇನ್ನೊಂದು ಯಂತ್ರ ಹೊಸ ಸಾಮಗ್ರಿಯಿಂದ ನಿಮ್ಮನ್ನೇ ಕಟ್ಟುತ್ತದೆ. ನೆನಪು, ಗಾಯದ ಕಲೆ, ಯಾರ ಮೇಲೋ ಇದ್ದ ಸಿಟ್ಟು, ಎಲ್ಲವೂ ಇದ್ದಂತೆಯೇ. ಮುಂದೆ ಯಂತ್ರ ಸುಧಾರಿಸಿ ಅಳಿಸುವುದನ್ನು ಬಿಡುತ್ತದೆ. ಈಗ ನೀವು ಇಲ್ಲಿಯೂ ಇದ್ದೀರಿ, ಅಲ್ಲಿಯೂ ಇದ್ದೀರಿ. ಆದರೆ ಇಲ್ಲಿರುವ ನಿಮ್ಮ ಹೃದಯಕ್ಕೆ ಯಂತ್ರದಿಂದ ಪೆಟ್ಟಾಗಿದೆ, ಇನ್ನು ಕೆಲವೇ ದಿನ. ಮಂಗಳದಲ್ಲಿರುವವನು ಬದುಕುತ್ತಾನಲ್ಲ, ನಿಮಗೇಕೆ ಚಿಂತೆ? ಪಾರ್ಫಿಟ್ ಹೆಚ್ಚುಕಡಿಮೆ ಹಾಗೇ ಹೇಳಿದ: ಅವನು ‘ತಾನೇ’ ಹೌದೋ ಅಲ್ಲವೋ ಎಂಬುದು ದೊಡ್ಡ ಮಾತಲ್ಲ, ಮನಸ್ಸಿನ ಎಳೆ ಮುಂದುವರಿದರೆ ಸಾಕು.

ಮಂಗಳದವರೆಗೆ ಹೋಗುವುದು ಬೇಡ. ಯಂತ್ರವನ್ನು ಬೈಲಹೊಂಗಲದ ಕರಿಮಣ್ಣಿನ ಹೊಲದಲ್ಲಿ ಇಳಿಸೋಣ. ಹತ್ತಿ ಬಿಡಿಸಲು ಹೋದ ಬಸಪ್ಪ ಇಬ್ಬರಾಗಿ ಹೊರಗೆ ಬಂದ. ಇಬ್ಬರೂ ತಾನೇ ನಿಜವಾದ ಬಸಪ್ಪ ಎಂದರು. ವ್ಯಾಕರಣ ಇಬ್ಬರನ್ನೂ ಒಪ್ಪುತ್ತದೆ, ಯಾರು ಹೇಳಿದರೆ ಅವರಿಗೇ ‘ತಾನು’ ಅಂಟಿಕೊಳ್ಳುತ್ತದೆ. ಸಂಜೆ ಇಬ್ಬರೂ ತಂತಮ್ಮ ಮನೆಗೆ ಹೊರಟರು. ಮನೆ ಒಂದೇ. ಉತಾರದಲ್ಲಿ ಹೆಸರು ಒಂದೇ, ಹೆಂಡತಿ ಒಬ್ಬಳೇ, ಸೊಸೈಟಿಯ ಸಾಲವೂ ಒಂದೇ. ಹೊಲದ ಮಾತು ಬಂದರೆ ಇಬ್ಬರ ಬಾಯಲ್ಲೂ ‘ತನ್ನದು’. ಸಾಲದ ಮಾತು ಬಂದರೆ ಇಬ್ಬರೂ ಬೆರಳು ಚಾಚುವುದು ‘ಅವನ’ ಕಡೆಗೆ. ಅಲ್ಲಿಯವರೆಗೆ ಒಂದೇ ಆಗಿದ್ದ ಮನಸ್ಸು ಒಡೆಯಲು ಒಂದು ಕಂತಿನ ನೋಟೀಸು ಸಾಕು.

ತಾನು ಎಂಬುದರ ಬಹುವಚನ ತಾವು. ಅದೇ ತಾವು ಎದುರಿಗಿದ್ದ ದೊಡ್ಡವರಿಗೆ ಸಲ್ಲುವ ಮರ್ಯಾದೆಯ ಮಾತೂ ಹೌದು. ಬಸಪ್ಪಂದಿರು ಜಗಲಿಯ ಮೇಲೆ ಎದುರುಬದುರಾಗಿ ‘ತಾವು ಯಾವೂರವರು?’ ಎಂದು ಕೇಳಿಕೊಂಡರೆ ನಾನಂತೂ ನಗುವುದಿಲ್ಲ.

ನಕಲಿನವನಿಗೆ ನಾವು ಎಲ್ಲಿ ಮಣೆ ಹಾಕಬೇಕು? ಇದಕ್ಕೆ ನಮ್ಮಲ್ಲೊಂದು ಅಳತೆಗೋಲಿದೆ: ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು. ತಾನು, ಮಗ, ಆಳು ಎಂದು ಮೂರೇ ಮೆಟ್ಟಿಲು. ಪಾರ್ಫಿಟ್ ತನ್ನ ಪ್ರತಿರೂಪವನ್ನು ಮೊದಲ ಮೆಟ್ಟಿಲ ಮೇಲೆ ಕೂರಿಸುತ್ತಾನೆ. ನಾನಾಗಿದ್ದರೆ ಎರಡನೆಯದಕ್ಕೂ ಕೊಂಚ ಯೋಚಿಸುತ್ತಿದ್ದೆ. ಹೋಲಿಕೆಯೊಂದರಿಂದಲೇ ಯಾರೂ ‘ತನ್ನವ’ ಆಗುವುದಿಲ್ಲ. ಹೋಲಿಕೆ ಇಲ್ಲದೆಯೂ ಆಗುತ್ತಾರೆ.

ಕಿತ್ತೂರನ್ನೇ ನೋಡಿ. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುನ್ನ ಮಾಸ್ತಮರಡಿಯ ಮನೆತನದ ಹುಡುಗ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡಿದ್ದ. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ಅವನ ಲೆಕ್ಕದಲ್ಲಿ ದೇಸಾಯಿ ಸತ್ತ, ಕಥೆ ಮುಗಿಯಿತು, ಸಂಸ್ಥಾನ ಕಂಪನಿಗೆ. ಕಿತ್ತೂರಿನ ರಾಣಿ ಚೆನ್ನಮ್ಮನ ಲೆಕ್ಕದಲ್ಲಿ ಸತ್ತದ್ದು ಒಬ್ಬ ಮನುಷ್ಯ, ಮನೆತನವಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಸೈನ್ಯದೊಡನೆ ಮತ್ತೆ ಬಂತು, ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕೊನೆಯುಸಿರೆಳೆದಳು. ಅದೇ ಹುಡುಗನನ್ನು ಗಾದಿಯ ಮೇಲೆ ಕೂರಿಸಬೇಕೆಂದು ಸಂಗೊಳ್ಳಿ ರಾಯಣ್ಣ ಮತ್ತೆ ಕತ್ತಿ ಹಿಡಿದ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ. ಶಿವಲಿಂಗಪ್ಪನಿಗೆ ದೇಸಾಯಿಯ ನೆನಪುಗಳಿರಲಿಲ್ಲ, ಮೈಯ ಒಂದು ಕಣವೂ ಅಲ್ಲಿಂದ ಬಂದದ್ದಲ್ಲ. ಪಾರ್ಫಿಟ್‌ನ ಪರೀಕ್ಷೆಯಲ್ಲಿ ಅವನಿಗೆ ಸೊನ್ನೆ. ಜನ ಪ್ರಾಣ ಕೊಟ್ಟದ್ದು ಅವನಿಗಾಗಿ.

ರಾಮದುರ್ಗದ ಮಗ್ಗದಲ್ಲಿ ಒಂದೇ ಹಾಸಿನಿಂದ ಇಳಿದ ಎರಡು ಸೀರೆಗಳಲ್ಲಿ ಅಸಲು ಯಾವುದು ಎಂದು ಯಾರೂ ಕೇಳುವುದಿಲ್ಲ. ಒಂದನ್ನು ಉಟ್ಟವಳು ಮಾತ್ರ ಇನ್ನೊಂದನ್ನು ‘ತನ್ನದು’ ಎನ್ನುವುದಿಲ್ಲ.

ಇನ್ನು ಸವದತ್ತಿಯಲ್ಲಿ ಎಲ್ಲಮ್ಮನಾಗಿ ನಿಂತ ರೇಣುಕೆಯ ಗುಡ್ಡ. ಜಮದಗ್ನಿಯ ಮಾತಿಗೆ ಪರಶುರಾಮ ತಾಯಿ ರೇಣುಕೆಯ ತಲೆ ಕಡಿದ ಕಥೆಗೆ ದಕ್ಷಿಣದಲ್ಲಿ ಹಲವು ಬಾಲಗಳಿವೆ. ಒಂದು ಹೇಳಿಕೆಯಲ್ಲಿ, ಜೀವ ಕೊಡುವ ಅವಸರಕ್ಕೆ ಅವಳ ತಲೆ ಕೆಳಜಾತಿಯ ಹೆಣ್ಣೊಬ್ಬಳ ಮುಂಡಕ್ಕೂ, ಆ ಹೆಣ್ಣಿನ ತಲೆ ರೇಣುಕೆಯ ಮುಂಡಕ್ಕೂ ಕೂತುಬಿಡುತ್ತವೆ. ಕಾರ್ನಾಡರ ‘ಹಯವದನ’ದಲ್ಲಿ ಇದೇ ಥರದ ತೊಡಕು ಬಂದಾಗ ತಲೆಗೇ ಅಧಿಕಾರ ಎಂದು ತೀರ್ಪಾಗುತ್ತದೆ. ನಮ್ಮ ಹಳ್ಳಿಯವರು ತೀರ್ಪಿನ ಗೊಡವೆಗೆ ಹೋಗಲಿಲ್ಲ. ಎಲ್ಲಮ್ಮನಿಗೂ ಕೈಮುಗಿದರು, ಆ ಇನ್ನೊಬ್ಬಳಾದ ಮಾತಂಗಿಗೂ ಮುಗಿದರು. ಇನ್ನೊಂದು ಹೇಳಿಕೆಯಲ್ಲಿ ಕಡಿದ ತಲೆ ಹತ್ತಾಗಿ ನೂರಾಗಿ ನಾಡಿನ ತುಂಬ ಚದುರುತ್ತದೆ. ಊರೂರಿಗೆ ಎಲ್ಲಮ್ಮನ ಗುಡಿ ಇರುವುದು ಅದಕ್ಕೇ ಅಂತೆ. ಜೋಗತಿಯ ತಲೆಯ ಮೇಲಿನ ಕೊಡದಲ್ಲಿ, ನವಿಲುಗರಿ ಭಂಡಾರದ ನಡುವೆ, ಅವಳ ಮುಖ ಇನ್ನೊಮ್ಮೆ ಬರುತ್ತದೆ. ಇದರಲ್ಲಿ ಅಸಲು ಯಾರು, ಪ್ರತಿ ಯಾರು ಎಂಬ ಜಗಳ ನಾನು ಕೇಳಿಲ್ಲ. ಎಲ್ಲರೂ ಅವಳೇ.

ಹಾಗಿದ್ದೂ ಭಾರತ ಹುಣ್ಣಿಮೆಗೆ ಚಕ್ಕಡಿ ಹೂಡಿಕೊಂಡು, ‘ಉಧೋ ಉಧೋ’ ಎನ್ನುತ್ತ, ಮಂದಿ ಗುಡ್ಡಕ್ಕೇ ಬರುತ್ತಾರೆ. ಊರಲ್ಲೇ ಅವ್ವ ಇದ್ದಾಳಲ್ಲ ಎಂದರೆ, ‘ಇದ್ದಾಳ್ರೀ, ಆದ್ರ ಗುಡ್ಡಕ್ಕ ಹೋಗಬೇಕಲ್ಲ’ ಎನ್ನುತ್ತಾರೆ.