ಗೆಟ್ಟವಾಡಿಯ ಆನೆ, ನಮ್ಮ ಕಡಪ್ಪುರದ ಕಡಲು

ನಮ್ಮ ಉಪ್ಪ ಲಾರಿ ಡ್ರೈವರ್. 1970ರ ದಶಕದಲ್ಲಿ ಮಂಗಳೂರಿನ ಹಂಚು ಹೇರಿಕೊಂಡು ಸಂಪಾಜೆ ಘಾಟಿ ಹತ್ತಿ, ಮಡಿಕೇರಿ, ಮೈಸೂರು, ಚಾಮರಾಜನಗರ ದಾಟಿ ತಾಳವಾಡಿವರೆಗೆ ಹೋಗುವುದು ಅವರಿಗೆ ಮಾಮೂಲಿಯಾಗಿತ್ತು. ಶಾಲೆಗೆ ರಜೆಯಿದ್ದರೆ ನನ್ನನ್ನೂ ಕ್ಲೀನರ್ ಪಕ್ಕ ಕೂರಿಸಿಕೊಳ್ಳುತ್ತಿದ್ದರು. ಹಾಗೆ ಹೋದಾಗ ಒಂದು ಸಲ ಗೆಟ್ಟವಾಡಿಯಲ್ಲಿ ಹಂಚು ಇಳಿಸಿದ ಮನೆಯವರು, ಕತ್ತಲಾಯಿತು, ಆನೆ ದಾರಿಗೆ ಬರುವ ಹೊತ್ತು ಎಂದು ನಮ್ಮನ್ನು ಅಲ್ಲೇ ಉಳಿಸಿಕೊಂಡರು. ರಾಗಿ ಮುದ್ದೆಯನ್ನು ನುಂಗಲು ತಿಳಿಯದೆ ಜಗಿದು ಜಗಿದು ಬಾಯಿ ಅಂಟಿಸಿಕೊಂಡ ನನ್ನನ್ನು ನೋಡಿ ಬಿದ್ದು ಬಿದ್ದು ನಕ್ಕ ಆ ಮನೆಯ ಹುಡುಗ ಇವತ್ತಿಗೂ ನನ್ನ ಗೆಳೆಯ. ಮುಂದಿನ ಸಲ ಉಪ್ಪ ಅವರಿಗೆ ಒಣ ಬಂಗುಡೆಯ ಕಟ್ಟು ಒಯ್ದು ಕೊಟ್ಟರು. ಬರುವಾಗ ಅವರ ಬಾಳೆಗೊನೆ ನಮ್ಮ ಲಾರಿಯಲ್ಲಿತ್ತು. ಉಪ್ಪ ತೀರಿಕೊಂಡ ಮೇಲೂ ಈ ಕೊಡು-ಕೊಳ್ಳು ನಿಂತಿಲ್ಲ.

ಕಳೆದ ವರ್ಷ ಗಲ್ಫಿನಿಂದ ರಜೆಗೆ ಬಂದ ಮಗಳು, ಅಳಿಯ, ಮೊಮ್ಮಕ್ಕಳಿಗೆ ಒಂದು ಆಸೆ. ಎರಡು ರಾತ್ರಿ ಕಾಡಿನ ರೆಸಾರ್ಟಿನಲ್ಲಿ ಆನೆ ನೋಡಬೇಕು, ಎರಡು ರಾತ್ರಿ ಕಡಲ ರೆಸಾರ್ಟಿನಲ್ಲಿ ಅಲೆ ನೋಡಬೇಕು. ಉಮ್ಮನಿಗೆ ಇದು ಅರ್ಥವೇ ಆಗಲಿಲ್ಲ. "ಕಡಲು ನೋಡಲು ದುಡ್ಡು ಯಾಕೆ? ನಮ್ಮ ಕಡಪ್ಪುರದಲ್ಲಿ ಅದು ಅಡುಗೆಮನೆಗೇ ಬರುತ್ತದಲ್ಲ" ಎಂದರು. ಬಿಳಿಗಿರಿರಂಗನ ಬೆಟ್ಟದ ಕ್ಯಾತದೇವರಗುಡಿಯಲ್ಲಿ ಉಳಿದು, ಹಿಂದಿರುಗುವಾಗ ಗೆಟ್ಟವಾಡಿಗೂ ಹೋದೆವು. ಅಲ್ಲಿ ಗೆಳೆಯ ಹೇಳಿದ್ದು ಇನ್ನೊಂದು ಬಗೆ: "ಯಾನ ಸಾಬ್ರೇ, ದುಡ್ಡು ಕೊಟ್ಟು ಆನೆ ನೋಡಕ್ಕೋಗಿದ್ರಾ? ಇಲ್ಲಿಗೇ ಬಂದಿದ್ರೆ ನಾನೇ ದುಡ್ಡು ಕೊಟ್ಟು ತೋರುಸ್ತಿದ್ನಲ್ಲ!"

ಆಮೇಲೆ ಹಳೆಯ ಪುಸ್ತಕಗಳನ್ನು ಹುಡುಕಲು ಕುಳಿತೆ. ಕಡಲನ್ನೂ ಆನೆಯನ್ನೂ ಮೊದಲು ನೋಟದ ವಸ್ತು ಮಾಡಿದವರು ಯಾರು, ಅಂದಿನವರೆಗೆ ಅವು ಏನಾಗಿದ್ದವು ಎಂದು ತಿಳಿಯಬೇಕಿತ್ತು. ಹುಡುಕುತ್ತಾ ಹೋದಂತೆ ಗೆಟ್ಟವಾಡಿಗೂ ನಮ್ಮೂರಿಗೂ ಒಣ ಬಂಗುಡೆಗಿಂತ ಹಳೆಯ ನಂಟು ಇರುವುದು ಕಂಡಿತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ರಾಜ್ಯವನ್ನು ಹಂಚಿಕೊಂಡರಷ್ಟೆ. ಆಗ ಕಂಪನಿಯ ಪಾಲಿಗೆ ಹೋದದ್ದು ಪಶ್ಚಿಮದಲ್ಲಿ ಕೆನರಾ, ಅಂದರೆ ನಮ್ಮ ಕರಾವಳಿ. ದಕ್ಷಿಣದಲ್ಲಿ ಕೊಯಮತ್ತೂರು ಕಡೆಯ ಸೀಮೆ. ಕೊಳ್ಳೇಗಾಲವೂ ತಾಳವಾಡಿಯೂ ಆ ಸೀಮೆಯಲ್ಲಿದ್ದವು. ಮೈಸೂರು ಅರಸರ ಕೈಯಲ್ಲಿ ಉಳಿದದ್ದು ನಡುವಿನ ನೆಲ. ಹೀಗೆ ಮಂಗಳೂರಿನ ಬ್ಯಾರಿಯೂ ಗೆಟ್ಟವಾಡಿಯ ರೈತನೂ ಮೈಸೂರನ್ನು ನಡುವೆ ಇಟ್ಟುಕೊಂಡು ಎರಡು ಬದಿಯಿಂದ ಮದ್ರಾಸಿನ ಪ್ರಜೆಗಳಾದರು. ಮರುವರ್ಷವೇ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಕಂಪನಿಯ ಅಪ್ಪಣೆಯಂತೆ ಈ ಹೊಸ ಸೀಮೆಗಳನ್ನು ನೋಡಲು ಹೊರಟ. 1800ರಲ್ಲಿ ಸತ್ಯಮಂಗಲದ ಕಡೆ ಇದ್ದವನು ಮಲಬಾರಿನ ಮೂಲಕ 1801ರ ಹೊತ್ತಿಗೆ ಮಂಗಳೂರಿಗೆ ಬಂದಿದ್ದ. 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಮಣ್ಣು, ಬೆಳೆ, ತೆರಿಗೆ, ಜಾತಿ, ಉಪ್ಪು, ಮರ ಎಲ್ಲ ಇದೆ. ಸಮುದ್ರತೀರದಲ್ಲಿ ಸುಮ್ಮನೆ ಕುಳಿತ ಒಬ್ಬ ಮನುಷ್ಯನೂ ನನಗೆ ಅದರಲ್ಲಿ ಸಿಗಲಿಲ್ಲ.

ಯಾಕೆ ಕೂರಬೇಕು? ಕಡಲು ನಮ್ಮವರಿಗೆ ದಾರಿ ಮತ್ತು ದುಡಿಮೆ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್ ದ್ವೀಪಗಳು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂದರೆ ಇಂದಿನ ಮಕ್ಕಳು ನಂಬುವುದಿಲ್ಲ. ಅಲ್ಲಿಯ ಓಡಗಳು ತೆಂಗಿನ ನಾರು ಹೇರಿಕೊಂಡು ಮಂಗಳೂರಿನ ಬಂದರಿಗೆ ಬಂದು ಅಕ್ಕಿ ಒಯ್ಯುತ್ತಿದ್ದವು. ಈಗ ಅದೇ ಕಡಮತ್ ದ್ವೀಪಕ್ಕೆ ಜನ ಹಣ ಕೊಟ್ಟು ಮುಳುಗು ಹಾಕಲು ಹೋಗುತ್ತಾರೆ.

1956ರ ನವೆಂಬರ್ 1 ನಮಗೆ ಸಂಭ್ರಮದ ದಿನ. ಆದರೆ ಮದ್ರಾಸಿನ ಕೆಳಗಿದ್ದ ಕನ್ನಡದ ಅಂಚುಗಳು ಅಂದು ಚೂರಾದವು. ಕೊಳ್ಳೇಗಾಲ ಮೈಸೂರಿಗೆ ಬಂತು, ಅದರ ಮಗ್ಗುಲಿನ ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಮಂಗಳೂರು ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು. ಅಮಿನ್ ದಿವಿ ದ್ವೀಪಗಳು ಕೇಂದ್ರಾಡಳಿತಕ್ಕೆ ಸೇರಿದವು. ಗೆಟ್ಟವಾಡಿಯವರಿಗೆ ಚಾಮರಾಜನಗರದ ಸಂತೆ, ಆಸ್ಪತ್ರೆ, ನಂಟರ ಮನೆ ಎಲ್ಲ ಹತ್ತಿರ. ಆದರೆ ಅವರ ಜಿಲ್ಲಾಧಿಕಾರಿ ಕೂರುವುದು ದಿಂಬಂ ಘಾಟಿಯ 27 ತಿರುವು ಇಳಿದು ನೂರು ಕಿಲೋಮೀಟರಿಗೂ ಆಚೆ, ಈರೋಡಿನಲ್ಲಿ. ಆನೆ ಮಾತ್ರ ಗಡಿ ಕಲ್ಲು ನೋಡುವುದಿಲ್ಲ. ಹಗಲು ಕರ್ನಾಟಕದ ಕಾಡು, ರಾತ್ರಿ ತಮಿಳುನಾಡಿನ ಜೋಳ.

ಆನೆಯ ಚರಿತ್ರೆಗೆ ಬರುತ್ತೇನೆ. ನಾನು ಹೆಚ್ಚು ಹೊತ್ತು ಕಳೆದದ್ದೂ ಇದರಲ್ಲೇ. ಮದ್ರಾಸ್ ಸರ್ಕಾರ ಒಂದು ಕಾಲದಲ್ಲಿ ಆನೆ ಕೊಂದವರಿಗೆ ಬಹುಮಾನ ಕೊಡುತ್ತಿತ್ತು. ಬೆಳೆಗೆ ಕಂಟಕ ಎಂಬುದೇ ಆಗ ಆನೆಯ ಗುರುತು. 1873ರಲ್ಲಿ ಅದೇ ಸರ್ಕಾರ ಕಾನೂನು ತಂದು ಕಾಡಾನೆಯನ್ನು ಕೊಲ್ಲಬಾರದು ಎಂದಿತು. ಕರುಣೆಯಿಂದಲೇ ಎಂದು ನಾನು ನಂಬಲಾರೆ. ಮರ ಎಳೆಯಲು, ಸೈನ್ಯದ ಸಾಮಾನು ಹೊರಲು ಆನೆ ಬೇಕಿತ್ತು. ಅದೇ ಸಮಯಕ್ಕೆ ಗಡಿಯ ಈಚೆ, ಮೈಸೂರು ಸೀಮೆಯಲ್ಲಿ, ಜಿ.ಪಿ. ಸ್ಯಾಂಡರ್ಸನ್ ಎಂಬ ಅಧಿಕಾರಿ ಆನೆ ಹಿಡಿಯುವ ಕೆಲಸ ವಹಿಸಿಕೊಂಡ. 1874ರಲ್ಲಿ ಚಾಮರಾಜನಗರದ ಕಡೆ, ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿ, ಅವನ ಖೆಡ್ಡಾ ಕೈಗೂಡಿತು. ಹಿಂಡನ್ನು ಸುತ್ತುವರಿದು, ತಮಟೆ ಬೆಂಕಿಗಳಿಂದ ಬೆದರಿಸಿ, ಕಂದಕ ತೋಡಿದ ಆವರಣದೊಳಗೆ ಅಟ್ಟಿ, ಸಾಕಾನೆಗಳನ್ನು ಬಿಟ್ಟು ಒಂದೊಂದಕ್ಕೆ ಹಗ್ಗ ಬಿಗಿಯುವುದು ಅದರ ಕ್ರಮ. 1878ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಅವನು ಇದನ್ನು ವಿವರವಾಗಿ ಬರೆದಿದ್ದಾನೆ. ಕಾಡಿನ ಜಾಡು ಬಲ್ಲ ಸ್ಥಳೀಯರಿಲ್ಲದೆ ಅವನಿಂದ ಒಂದು ಮರಿಯಾನೆಯನ್ನೂ ಹಿಡಿಯಲು ಆಗುತ್ತಿರಲಿಲ್ಲ. ಆದರೂ ಚರಿತ್ರೆಯಲ್ಲಿ ಹೆಸರು ಉಳಿದದ್ದು ಅವನದು.

ಮುಂದೆ ಖೆಡ್ಡಾ ಕಾಕನಕೋಟೆಯ ಕಪಿಲಾ ನದಿಯ ದಡಕ್ಕೆ ಹೋಯಿತು. 1889ರಲ್ಲಿ ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಬಂದಾಗ ಅವನಿಗೆ ತೋರಿಸಲೆಂದೇ ಆನೆ ಹಿಡಿದರು. ಹಿಡಿಯುವ ಕೆಲಸ ನೋಡುವ ಹಬ್ಬವಾಯಿತು. ದೊರೆಗಳಿಗೆ ಅತಿಥಿಗಳು ಬಂದಂತೆಲ್ಲ ಖೆಡ್ಡಾ, ಕುಳಿತು ನೋಡಲು ಅಟ್ಟಣೆ, ಊಟ, ಡೇರೆ. ನನ್ನ ಪ್ರಕಾರ ನಮ್ಮ ನಾಡಿನ ವೈಲ್ಡ್‌ಲೈಫ್ ಟೂರಿಸಂ ಶುರುವಾದದ್ದೇ ಅಲ್ಲಿ. ಕೊನೆಯ ಖೆಡ್ಡಾ 1971ರಲ್ಲಿ ಆಯಿತು. ಮರುವರ್ಷ ವನ್ಯಜೀವಿ ಕಾಯ್ದೆ ಬಂತು. ಕಬಿನಿ ಅಣೆಕಟ್ಟಿನ ನೀರು ಆ ಹಳೆಯ ಜಾಗಗಳನ್ನು ಮುಳುಗಿಸಿತು.

1980ರಲ್ಲಿ ಕರ್ನಾಟಕ ಸರ್ಕಾರ ನೇಪಾಳದ ಟೈಗರ್ ಟಾಪ್ಸ್ ಎಂಬ ಕಂಪನಿಯ ಜೊತೆ ಸೇರಿ ಜಂಗಲ್ ಲಾಡ್ಜಸ್ ಸಂಸ್ಥೆ ಕಟ್ಟಿತು. ಮಹಾರಾಜರ ಬೇಟೆ ಬಂಗಲೆಯಿದ್ದ ಕಾರಾಪುರದಲ್ಲಿ ಕಬಿನಿ ರಿವರ್ ಲಾಡ್ಜ್ ಆಯಿತು. ಕ್ಯಾತದೇವರಗುಡಿಯಲ್ಲೂ ಇರುವುದು ಮಹಾರಾಜರ ಕಾಲದ ಬೇಟೆ ಬಂಗಲೆಯೇ. ಇದೇ ಸಂಸ್ಥೆ ಆಮೇಲೆ ಕಡಲಿಗೂ ಇಳಿದು ಕಾರವಾರದ ದೇವಬಾಗದಲ್ಲಿ ಬೀಚ್ ರೆಸಾರ್ಟ್ ತೆರೆಯಿತು. ಹಾಗಾಗಿ ನನ್ನ ಮಗಳು ಕೇಳಿದ ಕಾಡೂ ಕಡಲೂ ಸೇರಿದ ರಜೆ ಸರ್ಕಾರವೇ ಕಲಿಸಿದ್ದು. ಅವಳನ್ನು ದೂರಿ ಫಲವಿಲ್ಲ. ಅಂದ ಹಾಗೆ ಕಾರವಾರದ ಕಡಲನ್ನು ಸುಮ್ಮನೆ ನೋಡಲು ಬಂದ ಹಳೆಯ ಅತಿಥಿಗಳಲ್ಲಿ ರವೀಂದ್ರನಾಥ ಟಾಗೋರರೂ ಒಬ್ಬರು. ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ 1880ರ ದಶಕದ ಆರಂಭದಲ್ಲಿ ಬಂದಿದ್ದರು. ಇಂದು ಅಲ್ಲಿಯ ಬೀಚಿಗೆ ಅವರದೇ ಹೆಸರು. ನಮ್ಮ ಕಾಸರಗೋಡಿನಲ್ಲಿ ಬೇಕಲ ಕೋಟೆಯ ಸುತ್ತ ರೆಸಾರ್ಟ್ ಬೆಳೆಸಲು ಕೇರಳ ಸರ್ಕಾರ 1995ರಲ್ಲಿ ಬೇರೆಯೇ ನಿಗಮ ಮಾಡಿತು. ಕೋಟೆ ಕಟ್ಟಿದ್ದು ಕೆಳದಿಯ ಶಿವಪ್ಪ ನಾಯಕ, ಕಾವಲಿಗೆ, ಈಗ ಸೂರ್ಯಾಸ್ತಕ್ಕೆ.

ತಾಳವಾಡಿಯ ಕಾಡಿಗೆ ಮಾತ್ರ ಈ ಪ್ರವಾಸಿಗಳು ಬಹಳ ಕಾಲ ಬರಲಿಲ್ಲ. ಕಾರಣ ಎಲ್ಲರಿಗೂ ಗೊತ್ತು, ವೀರಪ್ಪನ್. 1997ರಲ್ಲಿ ಬಂಡೀಪುರದ ಅಂಚಿನಿಂದ ಕೃಪಾಕರ-ಸೇನಾನಿಯವರನ್ನು ಎತ್ತಿಕೊಂಡು ಹೋದ. 2000ದ ಜುಲೈ 30ರ ರಾತ್ರಿ ತಾಳವಾಡಿ ಪಕ್ಕದ ಗಾಜನೂರಿನ ಮನೆಯಿಂದ ಡಾ. ರಾಜಕುಮಾರ್ ಅವರನ್ನೇ ಒಯ್ದು 108 ದಿನ ಇಟ್ಟುಕೊಂಡ. ನಮಗೆ ಅದು ಟಿ.ವಿ.ಯಲ್ಲಿ ನೋಡಿದ ಸುದ್ದಿ. ಗೆಳೆಯನ ಮನೆಯವರಿಗೆ ಹಗಲು ಪೊಲೀಸರ ಪ್ರಶ್ನೆ, ರಾತ್ರಿ ಕಾಡಿನ ಭಯ. ಆ ವರ್ಷಗಳ ಬಗ್ಗೆ ಅವನು ಈಗಲೂ ತಗ್ಗಿದ ದನಿಯಲ್ಲೇ ಮಾತಾಡುತ್ತಾನೆ. 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸತ್ತ. 2008ರಲ್ಲಿ ಸತ್ಯಮಂಗಲ ಅಭಯಾರಣ್ಯ, 2013ರಲ್ಲಿ ಹುಲಿ ಮೀಸಲು. 2022ರಲ್ಲಿ ಹುಲಿಗಳ ಸಂಖ್ಯೆ ಇಮ್ಮಡಿಗೂ ಮೀರಿ ಹೆಚ್ಚಿದ್ದಕ್ಕೆ ಅಂತರರಾಷ್ಟ್ರೀಯ ಪ್ರಶಸ್ತಿ ಸಿಕ್ಕಿತು. ಅದೇ ವರ್ಷ ಫೆಬ್ರವರಿಯಲ್ಲಿ, ವಾಹನಕ್ಕೆ ಸಿಕ್ಕಿ ಪ್ರಾಣಿಗಳು ಸಾಯುತ್ತವೆಂದು, ಹೈಕೋರ್ಟಿನ ಆದೇಶದಂತೆ ದಿಂಬಂ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಅದು ಬೇಕಾದದ್ದೇ ಎಂದು ನನಗೆ ಅನಿಸುತ್ತದೆ. ಆದರೆ ಎಲೆಕೋಸು, ಟೊಮೆಟೊ ಬೆಳೆದು ಬೆಳಗಿನ ಮಾರುಕಟ್ಟೆ ಮುಟ್ಟಿಸಬೇಕಾದವನ ಎದುರು ಹಾಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಉಪ್ಪ ಇದ್ದಿದ್ದರೆ ಯಾರ ಪಕ್ಷ ಹಿಡಿಯುತ್ತಿದ್ದರೋ.

ಕಾಡು ಚೇತರಿಸಿಕೊಂಡಂತೆ ಆನೆ ಹೊಲಕ್ಕೆ ಬರುವುದೂ ನಿಲ್ಲಲಿಲ್ಲ. ಕರುಪ್ಪನ್ ಎಂದು ಜನ ಹೆಸರಿಟ್ಟ ಒಂಟಿ ಸಲಗವೊಂದು ತಾಳವಾಡಿ ಸುತ್ತಿನಲ್ಲಿ ಬೆಳೆ ಹಾಳುಮಾಡಿ, ಹೊಲ ಕಾಯುತ್ತಿದ್ದವರನ್ನೂ ಕೊಂದು, ಹಲವು ಪ್ರಯತ್ನಗಳ ನಂತರ 2023ರ ಏಪ್ರಿಲಿನಲ್ಲಿ ಕುಮ್ಕಿ ಆನೆಗಳ ನೆರವಿನಿಂದ ಸೆರೆ ಸಿಕ್ಕಿತು. ಅದನ್ನು ಬೇರೆ ಕಾಡಿಗೆ ಬಿಟ್ಟರು. "ಒಂದ ಒಯ್ದ್ರು, ಮಿಕ್ಕವು ಅವೆ" ಎಂದ ಗೆಳೆಯ.

ಆ ರಾತ್ರಿ ಮಕ್ಕಳನ್ನು ಮನೆಯಲ್ಲಿ ಮಲಗಿಸಿ ನಾನು ಅವನ ಜೊತೆ ಹೊಲದ ಅಟ್ಟಣೆ ಹತ್ತಿದೆ. ಮುಸುಕಿನ ಜೋಳ ಎದೆಯೆತ್ತರ ಬಂದಿತ್ತು. ಒಂದು ಮೂಲೆಯಲ್ಲಿ ಚಾಪೆ ಹಾಸಿದಂತೆ ಬಿದ್ದಿತ್ತು, ಹಿಂದಿನ ವಾರದ ಗುರುತು. ಟಾರ್ಚು, ಪಟಾಕಿ, ಒಂದು ತಗಡಿನ ಡಬ್ಬ, ಇಬ್ಬರಿಗೂ ಒಂದೇ ಕಂಬಳಿ. ಹಿಂದಿನ ರಾತ್ರಿ ರೆಸಾರ್ಟಿನ ಜೀಪಿನಲ್ಲಿ ಕುಳಿತು ಆನೆ ಕಾಣಲಿ ಎಂದು ಆಸೆಪಟ್ಟವನು ನಾನೇ. ಇಲ್ಲಿ ಕುಳಿತು ಬಾರದಿರಲಿ ಎಂದು ಕಣ್ಣು ಬಿಟ್ಟುಕೊಂಡಿದ್ದೆ.

ನಡುರಾತ್ರಿ ದಾಟಿದ ಮೇಲೆ ಅವನು ವಿಷಯ ತೆಗೆದ. ಪೇಟೆಯವರೊಬ್ಬರು ಬಂದು ಈ ಎರಡು ಎಕರೆಯನ್ನು ದೀರ್ಘ ಗುತ್ತಿಗೆಗೆ ಕೇಳಿದ್ದಾರೆ. ಹೋಂಸ್ಟೇ ಮಾಡುತ್ತಾರಂತೆ, ಅವನ ಮಗನಿಗೆ ಅಲ್ಲೇ ಕೆಲಸ ಕೊಡುತ್ತಾರಂತೆ. "ಆನೆ ಬತ್ತದ ಅಂತ ನಾನು ಬುಡ್ತೀನಿ. ಆನೆ ಬತ್ತದ ಅಂತ್ಲೇ ಅವ್ರು ತಕ್ಕತಾರ. ನೀವೇನೇಳ್ತೀರಿ ಸಾಬ್ರೇ? ನಿಮ್ದೂ ಹಿಂಗೇ ಕೊಟ್ರಲ್ಲ."

ನಮ್ಮದು ಹೀಗೆಯೇ ಕೊಟ್ಟದ್ದು ನಿಜ. ಕಡಪ್ಪುರದಲ್ಲಿ ನಮಗೆ 12 ಸೆಂಟ್ಸ್ ಜಾಗವಿತ್ತು, ಹತ್ತಾರು ತೆಂಗು. 1991ರಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂದು ಹಳ್ಳಿಗಳಲ್ಲಿ ಅಲೆಯ ಗೆರೆಯಿಂದ 200 ಮೀಟರಿನೊಳಗೆ ಹೊಸ ಕಟ್ಟಡ ಬೇಡ ಎಂದಾಯಿತು. ಇದ್ದ ಮನೆ ರಿಪೇರಿ ಮಾಡಬಹುದು, ಅಷ್ಟೆ. ಕಡಲು ಅದನ್ನು ಓದಿರಲಿಲ್ಲ. ಮಳೆಗಾಲಕ್ಕೊಂದು ಸಾಲು ತೆಂಗು ಹೋಯಿತು. ಉಳ್ಳಾಲದಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ಕಡಲೊಳಗೆ ಕಲ್ಲಿನ ತಡೆಗಳನ್ನು ಕಟ್ಟುವ ಮೊದಲೇ ನಮ್ಮ ಅಡುಗೆಮನೆಯ ಗೋಡೆ ಬಿರುಕು ಬಿಟ್ಟಿತ್ತು. ಭಯದಲ್ಲಿ ಮಾರಿದೆವು. ಭಯದಲ್ಲಿ ಮಾರುವವನಿಗೆ ಎಂಥ ಬೆಲೆ ಸಿಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. 2019ರ ಅಧಿಸೂಚನೆಯಲ್ಲಿ ಜನ ದಟ್ಟವಾಗಿರುವ ಹಳ್ಳಿಗಳಿಗೆ ಆ 200 ಮೀಟರ್ 50 ಮೀಟರಿಗೆ ಇಳಿಯಿತು. ಅಷ್ಟರಲ್ಲಿ ಜಾಗ ನಮ್ಮದಾಗಿರಲಿಲ್ಲ. ಈಗ ಅಲ್ಲಿ ಬಣ್ಣದ ಛತ್ರಿಗಳ ಕೆಳಗೆ ಕುರ್ಚಿ ಹಾಕಿದ್ದಾರೆ. ಉಮ್ಮ ಆ ದಾರಿಯಲ್ಲಿ ಹೋಗಲು ಒಪ್ಪುವುದಿಲ್ಲ.

ಅಟ್ಟಣೆಯ ಮೇಲೆ ಇದನ್ನೆಲ್ಲ ಹೇಳಿದೆ. ಕೊಡಬೇಡ ಎಂದು ಹೇಳುವ ಹಕ್ಕು ನನಗಿರಲಿಲ್ಲ. ರಾತ್ರಿ ಕಾಯುವವನು ಅವನು. ನಾನು ಮಂಗಳೂರಿಗೆ ಬಂದು ಫ್ಯಾನ್ ಹಾಕಿ ಮಲಗುವವನು. "ಈ ಬೆಳೆ ಕೈಗೆ ಬರುವವರೆಗೆ ಸಹಿ ಹಾಕಬೇಡಿ ಮಾರಾಯ್ರೆ. ಹೆದರಿಕೊಂಡಿರುವಾಗ ಸಹಿ ಹಾಕಬೇಡಿ" ಎಂದೆ. ಅವನು ಏನೋ ಹೇಳಲು ಹೊರಟವನು ತಟ್ಟನೆ ಟಾರ್ಚು ಆರಿಸಿ ನನ್ನ ಮೊಣಕೈ ಒತ್ತಿದ. ಕಂದಕದ ಆಚೆ ಬಿದಿರು ಮುರಿದ ಸದ್ದು. ಅರ್ಧ ಗಂಟೆ ಉಸಿರು ಬಿಗಿಹಿಡಿದು ಕುಳಿತೆವು. ಅವು ಆ ರಾತ್ರಿ ಬೇರೆಯವರ ಹೊಲಕ್ಕೆ ಹೋದವು.

ಜೋಳ ಮುಕ್ಕಾಲು ಪಾಲು ಕೈಗೆ ಬಂತಂತೆ. ಕಳೆದ ವಾರ ಅವನು ಗುತ್ತಿಗೆಯ ಕರಡನ್ನು ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ್ದಾನೆ, ಹನ್ನೊಂದು ಪುಟ, ಎಲ್ಲ ತಮಿಳು. ಅವನು ಓದಿದ್ದು ಕನ್ನಡ ಶಾಲೆಯಲ್ಲಿ. ತಮಿಳು ಮಾತಾಡುತ್ತಾನೆ, ಕಾನೂನಿನ ತಮಿಳು ಓದಲಾರ. ನಮ್ಮ 12 ಸೆಂಟ್ಸಿನ ಕಾಗದ ಇಂಗ್ಲಿಷಿನಲ್ಲಿತ್ತು, ಉಪ್ಪ ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತಿದ್ದರು. ಓದುಗರಲ್ಲಿ ಕಾನೂನಿನ ತಮಿಳು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ, ಆ ಹನ್ನೊಂದು ಪುಟ ಕಳಿಸುತ್ತೇನೆ. ಸಹಿ ಇನ್ನೂ ಹಾಕಿಲ್ಲ.