ಹತ್ತಿಯ ದಾರಿ: ಎಡೆದೊರೆ ನಾಡಿನ ರೈಲು ಮತ್ತು ಪಡುವಣ ಬಂದರುಗಳು

ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯನ್ನು ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ಇಲ್ಲಿಯ ಯಾಪಲದಿನ್ನಿಯಂತಹ ಊರ ಹೆಸರುಗಳಲ್ಲಿ ಎರಡು ನುಡಿಗಳು ಕೂಡಿರುವಂತಿದೆ. ತೆಲುಗಿನ ಆಡುಮಾತಿನಲ್ಲಿ ‘ಯಾಪ’ವೆಂದರೆ ಬೇವು, ‘ದಿನ್ನಿ’ಯೆಂದರೆ ದಿಬ್ಬ. ಈ ಸೀಮೆಗೆ ರೈಲು ಬಂದುದನ್ನು ಚರಿತ್ರಕಾರರು ದಾಖಲಿಸಿದ್ದಾರೆ. ಅದರಿಂದ ಯಾರ ಕಸುಬು ಹೋಯಿತೆಂಬುದು ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ರೈಲಿಗೆ ಮೊದಲು ಒಳನಾಡಿನ ಸರಕು ಬಹುಮಟ್ಟಿಗೆ ಎತ್ತಿನ ಬೆನ್ನ ಮೇಲೆಯೇ ಸಾಗುತ್ತಿತ್ತು. ಲಂಬಾಣಿಗರು ನೂರಾರು, ಕೆಲವೊಮ್ಮೆ ಸಾವಿರಾರು ಎತ್ತುಗಳ ಮೇಲೆ ಹೇರು ಹೇರಿಕೊಂಡು ಕರಾವಳಿಯ ಉಪ್ಪನ್ನು ಘಟ್ಟದ ಮೇಲಕ್ಕೂ ಬಯಲುಸೀಮೆಯ ಧಾನ್ಯ, ಹತ್ತಿಗಳನ್ನು ಕೆಳಕ್ಕೂ ಸಾಗಿಸುತ್ತಿದ್ದರು. ‘ಲವಣ’ದಿಂದಲೇ ಅವರಿಗೆ ಆ ಹೆಸರು ಬಂದಿತೆಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿನಲ್ಲಿ ಹಡಗೇರುತ್ತಿದ್ದುದರಿಂದ ಮುಂಬಯಿಯ ವರ್ತಕರಿಗೆ ಅದು ‘ಕುಮಟಾ ಹತ್ತಿ’ಯಾಯಿತು. ಬೆಳೆದ ಹೊಲಕ್ಕೆ ಆ ಹೆಸರಿನಲ್ಲಿ ಪಾಲಿರಲಿಲ್ಲ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿ ನಿಂತಾಗ ಮ್ಯಾಂಚೆಸ್ಟರಿನ ಗಿರಣಿಗಳು ಕನ್ನಡ ನಾಡಿನ ಎರೆಭೂಮಿಯತ್ತ ತಿರುಗಿದವು. ಕಾರವಾರದಲ್ಲಿ ಬಂದರು ಕಟ್ಟುವ, ಅಲ್ಲಿಂದ ಘಟ್ಟದ ಮೇಲಕ್ಕೆ ರಸ್ತೆ ಮಾಡುವ ಯೋಜನೆಗಳು ಬಲಗೊಂಡವು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರ ಹಿಂದೆಯೂ ಈ ಹಂಬಲವಿತ್ತು. ಹತ್ತಿಗಾಗಿ ಒಂದು ಜಿಲ್ಲೆಯ ಆಡಳಿತವೇ ಬದಲಾಯಿತು; ಆದರೆ ಬಯಸಿದ ಹುಬ್ಬಳ್ಳಿ–ಕಾರವಾರ ರೈಲು ಬರಲೇ ಇಲ್ಲ. 1878ರ ಆಂಗ್ಲೋ–ಪೋರ್ಚುಗೀಸ್ ಒಪ್ಪಂದದ ತರುವಾಯ ಗೋವೆಯ ಮುರ್ಮಗೋವಾ ಬಂದರಿಗೆ ಹಳಿ ಬಿದ್ದಿತು. ಕಾರವಾರ ಹಿಂದೆಬಿದ್ದಿತು.

ರಾಯಚೂರಿನ ಕಥೆ ಬೇರೆ. 1853ರಲ್ಲಿ ನಿಜಾಮನು ಈ ಸೀಮೆಯನ್ನು ಬೀರಾರಿನೊಡನೆ ಕಂಪನಿಯ ವಶಕ್ಕೆ ಕೊಡಬೇಕಾಯಿತು. 1860ರಲ್ಲಿ ಇದು ಮರಳಿ ಬಂದಿತು. ಮುಂಬಯಿಯ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸಿನ ಕಡೆಯಿಂದ ಮದ್ರಾಸ್ ರೈಲ್ವೆಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಈ ಕಂಪನಿಗಳ ಬಂಡವಾಳಕ್ಕೆ ಶೇಕಡಾ 5ರ ಬಡ್ಡಿಯ ಖಾತರಿಯಿತ್ತು. ಲಾಭ ಸಾಲದಿದ್ದರೆ ಕೊರತೆಯನ್ನು ಭಾರತದ ಬೊಕ್ಕಸ ತುಂಬಬೇಕು. ಎಂದರೆ ನಷ್ಟದ ಭಯ ಲಂಡನ್ನಿನ ಪಾಲುದಾರನಿಗಿರಲಿಲ್ಲ, ತೆರಿಗೆ ತೆರುವ ರೈತನಿಗಿತ್ತು. ಇದನ್ನು ‘ಅಭಿವೃದ್ಧಿ’ಯೆಂದು ಬರೆಯುವವರು ಈ ಲೆಕ್ಕವನ್ನೂ ಜೊತೆಗಿಟ್ಟು ಬರೆಯುವುದು ಉಚಿತ. ರೈಲಿನಿಂದ ಹತ್ತಿಗೆ ಎರಡು ಕಡಲುಗಳ ದಾರಿ ತೆರೆದು ರಾಯಚೂರು ವ್ಯಾಪಾರದ ಪಟ್ಟಣವಾಗಿ ಬೆಳೆದುದೂ ನಿಜವೇ.

ಹೇರೆತ್ತಿನವರಿಗೆ ಮಾತ್ರ ಆ ದಾರಿಯಲ್ಲಿ ಎಡೆಯಿರಲಿಲ್ಲ. ಎರಡು ಹಳಿಗಳು ಕೂಡಿದ 1871ರಲ್ಲಿಯೇ ಅಪರಾಧಿ ಬುಡಕಟ್ಟುಗಳ ಕಾಯಿದೆಯೂ ಬಂದಿತು. ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿದ್ದ ಅದು 1911ರ ಹೊಸ ಕಾಯಿದೆಯಿಂದ ದಕ್ಷಿಣಕ್ಕೂ ಹಬ್ಬಿ, ಕೆಲವೆಡೆ ಲಂಬಾಣಿಗರನ್ನೂ ಸುತ್ತಿಕೊಂಡಿತು, ರದ್ದಾದುದು 1952ರಲ್ಲಿ. ಸಂಚಾರವೇ ಕಸುಬಾಗಿದ್ದವರಿಗೆ ಸಂಚಾರವೇ ಸಂಶಯದ ಕಾರಣವಾಯಿತು. ಅನೇಕರು ಎತ್ತು ಮಾರಿ ಕೂಲಿಗೆ, ಸೌದೆಗೆ, ಬೇಸಾಯಕ್ಕೆ ತಿರುಗಿದರು. ‘ತಾಂಡಾ’ ಎಂಬುದು ಮೊದಲು ಸರಕು ಹೊತ್ತು ಸಾಗುವ ಎತ್ತುಗಳ ಸಾಲಿನ ಹೆಸರು. ಇಂದು ದೇವದುರ್ಗ, ಮಾನ್ವಿಗಳ ಕಡೆ ತಾಂಡಾ ಎಂದರೆ ಊರ ಹೊರಗೆ ನೆಲೆನಿಂತ ಮನೆಗಳ ಗುಂಪು.